ವರ್ಗ ಸಮೀಕರಣ: ಮೊದಲು ಸರಿಯಾಗಿ ಜೋಡಿಸಿ, ಆಮೇಲೆ ಬಿಡಿಸಿ

"ಸೂತ್ರ ಬಾಯಿಪಾಠ ಇದೆ, ಆದ್ರೂ ಉತ್ತರ ತಪ್ಪು ಬರುತ್ತೆ. ಯಾಕೆ?" ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದ ಹಾಗೆಲ್ಲ ಮಕ್ಕಳು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಸಂಜೆ ಪಾಠಕ್ಕೆ ಬರುವವರ ನೋಟ್‌ಬುಕ್ ತೆಗೆದು ನೋಡಿದರೆ ಕಾರಣ ಸಾಮಾನ್ಯವಾಗಿ ಒಂದೇ ಇರುತ್ತದೆ. ಸೂತ್ರ ಸರಿಯಾಗಿಯೇ ಇರುತ್ತದೆ. ಅದಕ್ಕೆ ಮುಂಚಿನ ಎರಡು ಸಾಲಿನಲ್ಲಿ, ಅಂದರೆ ಪದಗಳನ್ನು ಈ ಕಡೆಯಿಂದ ಆ ಕಡೆಗೆ ತರುವಾಗ, ಒಂದು ಮೈನಸ್ ಕಳೆದುಹೋಗಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಬಿಡಿಸುವುದಕ್ಕೆ ಕೊಟ್ಟಷ್ಟೇ ಜಾಗವನ್ನು ಜೋಡಿಸುವುದಕ್ಕೂ ಕೊಟ್ಟಿದ್ದೇನೆ.

ಬೇಕಾಗಿರುವುದು ಇಷ್ಟೇ: ಕೂಡು-ಕಳೆ ಚಿಹ್ನೆಗಳ ನಿಯಮ, 20ರ ತನಕ ವರ್ಗಗಳು (13ರ ವರ್ಗ 169, 17ರದು 289, ಹೀಗೆ), ಮತ್ತು ಒಂದು ರಫ್ ಹಾಳೆ. ಕ್ಯಾಲ್ಕ್ಯುಲೇಟರ್ ಬೇಡ.

ಬರೆಯುವ ರೀತಿಯ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ನೀವು ಎಕ್ಸ್ ಅಂತ ನೋಡುವ ಅಜ್ಞಾತವನ್ನು, ಅಂದರೆ ಬೆಲೆ ಗೊತ್ತಿಲ್ಲದ ಅಕ್ಷರವನ್ನು, ಇಲ್ಲಿ "ಯ" ಅಂತ ಬರೆಯುತ್ತೇನೆ. ನಮ್ಮ ಹಳೆಯ ಬೀಜಗಣಿತದವರು ಅಜ್ಞಾತಕ್ಕೆ "ಯಾವತ್ತಾವತ್" ಅನ್ನುತ್ತಿದ್ದರು, ಬರೆಯುವಾಗ ಅದನ್ನು "ಯಾ" ಅಂತ ಚಿಕ್ಕದು ಮಾಡುತ್ತಿದ್ದರು. ನಾನೂ ಅದೇ ದಾರಿ ಹಿಡಿದಿದ್ದೇನೆ. ಅಕ್ಷರಗಳ ನಡುವಿನ ಚುಕ್ಕಿ ಗುಣಾಕಾರದ ಗುರುತು.

ವರ್ಗ ಸಮೀಕರಣ ಅಂದರೆ ಅಜ್ಞಾತದ ಅತಿ ದೊಡ್ಡ ಘಾತ 2 ಆಗಿರುವ ಸಮೀಕರಣ. ಅದರ ಆದರ್ಶ ರೂಪ ಹೀಗಿರುತ್ತದೆ:

ಅ·ಯ² + ಬ·ಯ + ಕ = 0

ಅ, ಬ, ಕ ಮೂರೂ ಗೊತ್ತಿರುವ ಸಂಖ್ಯೆಗಳು. ಯ² ಮತ್ತು ಯ ಮುಂದೆ ಕೂತಿರುವ ಅ, ಬ ಗಳಿಗೆ ಸಹಗುಣಕ ಅನ್ನುತ್ತಾರೆ. ಕ ಸ್ಥಿರಾಂಕ. ಅ ಮಾತ್ರ ಸೊನ್ನೆ ಆಗಬಾರದು, ಸೊನ್ನೆ ಆಗಿಬಿಟ್ಟರೆ ವರ್ಗವೇ ಇರುವುದಿಲ್ಲ. ಸಮೀಕರಣವನ್ನು ಸರಿಮಾಡುವ ಯ ಬೆಲೆಗಳೇ ಮೂಲಗಳು.

ಹಂತ 1: ಯ ಅಂದರೆ ಏನು ಅಂತ ಮಾತಲ್ಲಿ ಬರೆಯಿರಿ

ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕದಿಂದಲೇ ಶುರುಮಾಡೋಣ: ಮೂವತ್ತು-ನಲವತ್ತು ಸೈಟು. 30 ಅಡಿ ಅಗಲ, 40 ಅಡಿ ಉದ್ದ, ಒಟ್ಟು 1200 ಚದರಡಿ. ನಾಲ್ಕೂ ಕಡೆ ಒಂದೇ ಅಳತೆಯ ಜಾಗ ಬಿಟ್ಟು ಮನೆ ಕಟ್ಟಿದರೆ ಒಳಗೆ 816 ಚದರಡಿ ಉಳಿಯಿತು. ಹಾಗಾದರೆ ಬಿಟ್ಟ ಜಾಗದ ಅಗಲ ಎಷ್ಟು? (ನಿಜವಾಗಿ ಮನೆ ಕಟ್ಟುವಾಗ ಮುಂದೆ, ಹಿಂದೆ, ಪಕ್ಕದಲ್ಲಿ ಬಿಡುವ ಅಳತೆ ಬೇರೆ ಬೇರೆ ಇರಬಹುದು. ಇಲ್ಲಿ ಲೆಕ್ಕ ಸುಲಭವಾಗಲಿ ಅಂತ ಒಂದೇ ಇಟ್ಟಿದ್ದೇನೆ.)

ಮೊದಲ ಸಾಲು ಹೀಗಿರಲಿ: "ಯ = ಒಂದು ಕಡೆ ಬಿಟ್ಟ ಜಾಗದ ಅಗಲ, ಅಡಿಗಳಲ್ಲಿ." ಈ ಸಾಲನ್ನು ಬರೆಯದೆ ಮುಂದೆ ಹೋಗಬೇಡಿ. ಕೊನೆಯಲ್ಲಿ ಎರಡು ಉತ್ತರ ಬಂದಾಗ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಹೇಳುವುದು ಈ ಸಾಲೇ.

ಎಡಕ್ಕೂ ಬಲಕ್ಕೂ ಯ ಬಿಟ್ಟಿದ್ದೇವೆ. ಆದ್ದರಿಂದ ಮನೆಯ ಅಗಲ 30 − 2ಯ. ಉದ್ದ 40 − 2ಯ. ಇಲ್ಲಿ 30 − ಯ ಅಂತ ಬರೆಯುವವರು ತುಂಬಾ ಜನ. ಹಾಳೆಯ ಮೇಲೆ ಒಂದು ಚೌಕಟ್ಟು, ಅದರೊಳಗೆ ಇನ್ನೊಂದು ಚೌಕಟ್ಟು ಎಳೆದು ನೋಡಿ, ಎರಡೂ ಕಡೆ ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ.

(30 − 2ಯ)(40 − 2ಯ) = 816

ಹಂತ 2: ಎಲ್ಲವನ್ನೂ ಒಂದೇ ಕಡೆಗೆ ತನ್ನಿ, ಇನ್ನೊಂದು ಕಡೆ ಸೊನ್ನೆ ಮಾತ್ರ ಇರಲಿ

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಮಾಡಿ.

ಮೊದಲು ಕಂಸಗಳನ್ನು ಬಿಡಿಸಿ: 1200 − 60ಯ − 80ಯ + 4ಯ² = 816.
ಒಂದೇ ಜಾತಿಯ ಪದಗಳನ್ನು ಸೇರಿಸಿ, 816 ಅನ್ನು ಎಡಗಡೆಗೆ ತನ್ನಿ. ದಾಟುವಾಗ ಚಿಹ್ನೆ ಬದಲಾಗುತ್ತದೆ: 4ಯ² − 140ಯ + 384 = 0.
ಎಲ್ಲ ಪದಗಳನ್ನೂ 4ರಿಂದ ಭಾಗಿಸಬಹುದು: ಯ² − 35ಯ + 96 = 0.

"ದಾಟಿದರೆ ಚಿಹ್ನೆ ಬದಲು" ಅನ್ನುವುದು ಮಂತ್ರ ಏನಲ್ಲ. ಎರಡೂ ಕಡೆಯಿಂದ 816 ಕಳೆದಿದ್ದೇವೆ, ಅಷ್ಟೇ. ಗೊಂದಲ ಆದಾಗ ದಾಟಿಸುವ ಮಾತು ಬಿಟ್ಟು, "ಎರಡೂ ಕಡೆ ಏನು ಮಾಡಿದೆ?" ಅಂತ ಕೇಳಿಕೊಳ್ಳಿ. ತಕ್ಕಡಿಯ ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದ ಹಾಗೆ.

ಈ ಹಂತದಲ್ಲಿ ಜನ ಬೀಳುವ ಗುಂಡಿಗಳು ಮೂರು.

ಒಂದು, ಸೊನ್ನೆ ಬರುವ ಮೊದಲೇ ಗುಣಕಗಳನ್ನು ಒಡೆಯುವುದು. (ಯ − 3)(ಯ − 2) = 6 ಅಂತ ಕೊಟ್ಟರೆ "ಯ − 3 = 6, ಅಥವಾ ಯ − 2 = 6" ಅಂತ ಬರೆದುಬಿಡುತ್ತಾರೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಮಾತ್ರ ಅವುಗಳಲ್ಲಿ ಒಂದಾದರೂ ಸೊನ್ನೆ ಅಂತ ಹೇಳಬಹುದು. 6ಕ್ಕೆ ಆ ಗುಣ ಇಲ್ಲ, ಅದು 2 × 3 ಆಗಬಹುದು, 12 × ½ ಕೂಡ ಆಗಬಹುದು. ಕಂಸ ಬಿಡಿಸಿ, 6 ಅನ್ನು ಈಚೆ ತಂದರೆ ಯ² − 5ಯ = 0. ಮೂಲಗಳು 0 ಮತ್ತು 5.

ಎರಡು, ಅಜ್ಞಾತದಿಂದಲೇ ಭಾಗಿಸುವುದು. 5ಯ² = 20ಯ ಇದ್ದಾಗ ಎರಡೂ ಕಡೆ ಯ ಹೊಡೆದುಹಾಕಿ "ಯ = 4" ಅಂತ ಬರೆಯಬೇಡಿ. ಯ ಸೊನ್ನೆ ಆಗಿದ್ದರೆ ಅದರಿಂದ ಭಾಗಿಸುವ ಹಾಗೇ ಇಲ್ಲ, ಅಲ್ವಾ? ಇಲ್ಲಿ ಸೊನ್ನೆಯೂ ಒಂದು ಮೂಲ, ಭಾಗಿಸಿದ ತಕ್ಷಣ ಅದು ಕೈತಪ್ಪಿ ಹೋಗುತ್ತದೆ. 5ಯ² − 20ಯ = 0, ಅಂದರೆ 5ಯ(ಯ − 4) = 0 ಅಂತ ಬರೆಯಿರಿ. ಸಂಖ್ಯೆಯಿಂದ ಭಾಗಿಸಿ, ಯ ಇಂದ ಭಾಗಿಸಬೇಡಿ.

ಮೂರು, ಭಿನ್ನರಾಶಿ ಇದ್ದಾಗ ಒಂದೇ ಪದವನ್ನು ಗುಣಿಸಿ ಉಳಿದವನ್ನು ಮರೆಯುವುದು. ಲ.ಸಾ.ಅ. ಇಂದ ಗುಣಿಸಿದರೆ ಎರಡೂ ಕಡೆಯ ಪ್ರತಿ ಪದವೂ ಗುಣಿಸಿಕೊಳ್ಳಬೇಕು. ಇದರ ಉದಾಹರಣೆ ಹಂತ 4ರಲ್ಲಿ ಬರುತ್ತದೆ.

ಹಂತ 3: ಮೊದಲು ಅಪವರ್ತನ ಮಾಡಿ ನೋಡಿ

ಅಪವರ್ತನ ಅಂದರೆ ಒಡೆದು ಗುಣಕಗಳಾಗಿ ಬರೆಯುವುದು. ಇಂಗ್ಲಿಷ್ ಮೀಡಿಯಂ ಮಕ್ಕಳು ಫ್ಯಾಕ್ಟರೈಸೇಷನ್ ಅನ್ನುವುದು ಇದಕ್ಕೇ. ಯ² − 35ಯ + 96 = 0 ಗೆ, ಗುಣಿಸಿದರೆ 96, ಕೂಡಿಸಿದರೆ −35 ಬರುವ ಎರಡು ಸಂಖ್ಯೆ ಬೇಕು. ಗುಣಲಬ್ಧ ಪ್ಲಸ್, ಮೊತ್ತ ಮೈನಸ್. ಹಾಗಾಗಿ ಎರಡೂ ಮೈನಸ್. −3 ಮತ್ತು −32.

(ಯ − 3)(ಯ − 32) = 0. ಯ = 3 ಅಥವಾ 32.

ಯ² ಮುಂದೆ 1 ಬಿಟ್ಟು ಬೇರೆ ಸಂಖ್ಯೆ ಇದ್ದರೆ ಮಧ್ಯದ ಪದವನ್ನು ಒಡೆಯಬೇಕು. 6ಯ² + 7ಯ − 3 = 0 ನೋಡಿ. ಮೊದಲ ಮತ್ತು ಕೊನೆಯ ಸಂಖ್ಯೆ ಗುಣಿಸಿ: 6 × (−3) = −18. ಗುಣಲಬ್ಧ −18, ಮೊತ್ತ 7 ಆಗುವ ಜೋಡಿ 9 ಮತ್ತು −2.

6ಯ² + 9ಯ − 2ಯ − 3 = 0
3ಯ(2ಯ + 3) − 1(2ಯ + 3) = 0
(3ಯ − 1)(2ಯ + 3) = 0

ಯ = 1/3 ಅಥವಾ −3/2. ಎರಡನೇ ಸಾಲಿನಲ್ಲಿ −1 ಹೊರಗೆ ತೆಗೆದಾಗ ಒಳಗಿನ −3 ಹೇಗೆ +3 ಆಯಿತು ಅಂತ ಗಮನಿಸಿ. ಎರಡು ಕಂಸಗಳೂ ಒಂದೇ ತರಹ ಬಂದಿಲ್ಲ ಅಂದರೆ ತಪ್ಪು ಅಲ್ಲೇ ಇದೆ.

ಎರಡು ನಿಮಿಷ ಹುಡುಕಿಯೂ ಜೋಡಿ ಸಿಗಲಿಲ್ಲ ಅಂದರೆ ಬಿಟ್ಟುಬಿಡಿ, ಹಂತ 5ಕ್ಕೆ ಹೋಗಿ. ಪರೀಕ್ಷೆಯಲ್ಲಿ ಅದಕ್ಕೇ ಅಂಟಿಕೊಂಡು ಕೂತರೆ ಸಮಯ ಹೋಗುತ್ತದೆ.

ಇನ್ನು, ಬ ಪದವೇ ಇಲ್ಲದಿದ್ದರೆ ಇದ್ಯಾವುದೂ ಬೇಡ. 2ಯ² − 50 = 0 ಅಂದರೆ ಯ² = 25, ಯ = ±5. ಆ ± ಮರೆಯಬೇಡಿ.

ಹಂತ 4: ವರ್ಗ ಪೂರ್ಣಗೊಳಿಸುವುದು

ಈ ವಿಧಾನವನ್ನು ಮಕ್ಕಳು ತುಂಬಾ ಹೆದರಿಕೊಂಡು ಬಿಟ್ಟುಬಿಡುತ್ತಾರೆ. ನನಗೆ ಇದು ಮೂರರಲ್ಲಿ ಎಲ್ಲಕ್ಕಿಂತ ಇಷ್ಟ. ಸೂತ್ರ ಹುಟ್ಟುವುದೇ ಇದರಿಂದ.

ಬೆಂಗಳೂರಿಂದ ಮೈಸೂರಿಗೆ 140 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ಬಸ್ಸು ತನ್ನ ಸರಾಸರಿ ವೇಗವನ್ನು ಗಂಟೆಗೆ 14 ಕಿ.ಮೀ. ಹೆಚ್ಚಿಸಿದರೆ ಅರ್ಧ ಗಂಟೆ ಮುಂಚೆ ಸೇರುತ್ತದೆ. ಹಾಗಾದರೆ ಮೊದಲಿನ ವೇಗ ಎಷ್ಟು?

ಯ = ಮೊದಲಿನ ವೇಗ, ಗಂಟೆಗೆ ಕಿ.ಮೀ. ಗಳಲ್ಲಿ. ಕಾಲ ಅಂದರೆ ದೂರ ಭಾಗಿಸು ವೇಗ.

140/ಯ − 140/(ಯ + 14) = 1/2

ಬಲಗಡೆ 30 ಅಂತ ಬರೆದರೆ ಲೆಕ್ಕ ಕೆಟ್ಟಿತು. ವೇಗ ಗಂಟೆಯಲ್ಲಿದೆ, ಆದ್ದರಿಂದ ಕಾಲವೂ ಗಂಟೆಯಲ್ಲೇ ಇರಬೇಕು. ಈಗ ಮೂರೂ ಪದಗಳನ್ನು 2ಯ(ಯ + 14) ಇಂದ ಗುಣಿಸಿ:

280(ಯ + 14) − 280ಯ = ಯ(ಯ + 14)
3920 = ಯ² + 14ಯ

ಈ ವಿಧಾನದಲ್ಲಿ ಸ್ಥಿರಾಂಕ ಬೇರೆ ಕಡೆಯಲ್ಲೇ ಇದ್ದರೆ ಒಳ್ಳೆಯದು. ಯ ಸಹಗುಣಕದ ಅರ್ಧ ತೆಗೆದುಕೊಳ್ಳಿ, 7. ಅದರ ವರ್ಗ 49. ಅದನ್ನು ಎರಡೂ ಕಡೆ ಕೂಡಿಸಿ:

ಯ² + 14ಯ + 49 = 3969
(ಯ + 7)² = 63²
ಯ + 7 = ±63

ಯ = 56 ಅಥವಾ −70. ವೇಗ ಮೈನಸ್ ಆಗುವುದಿಲ್ಲ, ಹಾಗಾಗಿ ಗಂಟೆಗೆ 56 ಕಿ.ಮೀ. ತಾಳೆ ನೋಡಿ: 140 ಭಾಗಿಸು 56 ಅಂದರೆ ಎರಡೂವರೆ ಗಂಟೆ, 140 ಭಾಗಿಸು 70 ಅಂದರೆ ಎರಡು ಗಂಟೆ. ಅರ್ಧ ಗಂಟೆ ವ್ಯತ್ಯಾಸ ಸರಿಯಾಗಿದೆ.

ಎಚ್ಚರಿಕೆ: ಯ² ಮುಂದೆ 1 ಇದ್ದಾಗ ಮಾತ್ರ "ಅರ್ಧ ಮಾಡಿ ವರ್ಗ ಮಾಡು" ಅನ್ನುವುದು ನಡೆಯುತ್ತದೆ. ಬೇರೆ ಸಂಖ್ಯೆ ಇದ್ದರೆ ಮೊದಲು ಅದರಿಂದ ಎಲ್ಲ ಪದಗಳನ್ನೂ ಭಾಗಿಸಿ.

ಹಂತ 5: ಸೂತ್ರ, ಮತ್ತು ಅದು ಎಲ್ಲಿಂದ ಬಂತು

ಸೂತ್ರವನ್ನು ಸುಮ್ನೆ ಉರು ಹೊಡೆಯುವ ಬದಲು ಒಮ್ಮೆ ಕೈಯಾರೆ ಹುಟ್ಟಿಸಿ ನೋಡಿ. ಭಿನ್ನರಾಶಿಯ ತಂಟೆಯೇ ಇಲ್ಲದ ಒಂದು ಹಳೆಯ ದಾರಿ ಇದೆ, ಶ್ರೀಧರಾಚಾರ್ಯರದು. ಅವರ ಬೀಜಗಣಿತದ ಗ್ರಂಥ ಈಗ ಉಳಿದಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಅವರ ನಿಯಮವನ್ನು ಉದ್ಧರಿಸಿದ್ದರಿಂದ ಅದು ನಮಗೆ ಸಿಕ್ಕಿದೆ. ದಾರಿ ಇಷ್ಟು: ಎರಡೂ ಕಡೆ 4·ಅ ಇಂದ ಗುಣಿಸು, ಆಮೇಲೆ ಎರಡೂ ಕಡೆ ಬ² ಕೂಡಿಸು.

ಅ·ಯ² + ಬ·ಯ = −ಕ
4·ಅ²·ಯ² + 4·ಅ·ಬ·ಯ = −4·ಅ·ಕ
4·ಅ²·ಯ² + 4·ಅ·ಬ·ಯ + ಬ² = ಬ² − 4·ಅ·ಕ
(2·ಅ·ಯ + ಬ)² = ಬ² − 4·ಅ·ಕ

ಎಡಗಡೆ ಪೂರ್ಣ ವರ್ಗ ಆಯಿತು. ವರ್ಗಮೂಲ ತೆಗೆದು, ಬ ಅನ್ನು ಆಚೆ ಕಳಿಸಿ, 2·ಅ ಇಂದ ಭಾಗಿಸಿದರೆ:

ಯ = (−ಬ ± √(ಬ² − 4·ಅ·ಕ)) / (2·ಅ)

ಪರೀಕ್ಷೆ ಹಾಲ್‌ನಲ್ಲಿ ಸೂತ್ರ ಮರೆತರೂ ಈ ನಾಲ್ಕು ಸಾಲು ನೆನಪಿದ್ದರೆ ಸಾಕು, ಮತ್ತೆ ಹುಟ್ಟಿಸಿಕೊಳ್ಳಬಹುದು.

ಈಗ 3ಯ² = 5ಯ + 1 ಬಿಡಿಸೋಣ. ಮೊದಲು ಆದರ್ಶ ರೂಪ: 3ಯ² − 5ಯ − 1 = 0. ರಫ್ ಹಾಳೆಯಲ್ಲಿ ಚಿಹ್ನೆ ಸಮೇತ ಬರೆಯಿರಿ: ಅ = 3, ಬ = −5, ಕ = −1. ಜೋಡಿಸದೆ ನೇರವಾಗಿ ನೋಡಿ ಬ = 5, ಕ = 1 ಅಂತ ತೆಗೆದುಕೊಳ್ಳುವುದೇ ನಾನು ಮೊದಲು ಹೇಳಿದ ಕಳೆದುಹೋಗುವ ಮೈನಸ್.

ಬ² = (−5)² = 25. ಕಂಸ ಹಾಕಿ. −5² ಅಂತ ಕ್ಯಾಲ್ಕ್ಯುಲೇಟರಿಗೆ ಕೊಟ್ಟರೆ ಎಷ್ಟೋ ಸಲ −25 ತೋರಿಸುತ್ತದೆ. 
−4·ಅ·ಕ = −4 × 3 × (−1) = +12. ಮೈನಸ್ ಇಂಟು ಮೈನಸ್ ಪ್ಲಸ್. 
ಒಟ್ಟು 37. −ಬ ಅಂದರೆ −(−5), ಅದು +5.

ಯ = (5 ± √37) / 6. ಸುಮಾರಾಗಿ 1.85 ಅಥವಾ −0.18.

ಭಾಗಾಕಾರದ ಗೀಟು 5ರ ಕೆಳಗೂ ಹೋಗಬೇಕು, √37ರ ಕೆಳಗೂ ಹೋಗಬೇಕು. ಬರೀ √37ರ ಕೆಳಗೆ ಗೀಟು ಎಳೆದರೆ 5 ಹೊರಗೆ ಉಳಿದು ಬೇರೆಯೇ ಉತ್ತರ ಬರುತ್ತದೆ. ಇನ್ನೊಂದು ಮಾತು: ಉತ್ತರವನ್ನು √37 ಇಟ್ಟುಕೊಂಡೇ ಬಿಡಿ, ಪ್ರಶ್ನೆ ಕೇಳದಿದ್ದರೆ ದಶಮಾಂಶ ಮಾಡುವುದು ಬೇಡ.

ಹಂತ 6: ಶೋಧಕ ನೋಡಿ, ಉತ್ತರ ಇದೆಯೋ ಇಲ್ಲವೋ ತಿಳಿಯಿರಿ

ವರ್ಗಮೂಲದ ಒಳಗಿರುವ ಬ² − 4·ಅ·ಕ ಗೆ ಶೋಧಕ ಅಂತ ಹೆಸರು. ಮೂಲಗಳ ಸ್ವಭಾವವನ್ನು ಶೋಧಿಸಿ ಹೇಳುವುದು ಅದು. ಒಂದೇ ಉದಾಹರಣೆಯಲ್ಲಿ ಮೂರೂ ಬಗೆ ನೋಡಬಹುದು.

ನಿಮ್ಮ ಹತ್ತಿರ 40 ಮೀಟರ್ ತಂತಿ ಬೇಲಿ ಇದೆ. ಆಯತಾಕಾರದ ಕೈತೋಟಕ್ಕೆ ಸುತ್ತಬೇಕು. ಒಂದು ಬದಿ ಯ ಆದರೆ ಇನ್ನೊಂದು 20 − ಯ.

96 ಚದರ ಮೀಟರ್ ಬೇಕಾದರೆ ಯ² − 20ಯ + 96 = 0. ಶೋಧಕ 400 − 384 = 16, ಸೊನ್ನೆಗಿಂತ ಹೆಚ್ಚು. ಎರಡು ಬೇರೆ ಮೂಲ, 12 ಮತ್ತು 8. ಇಲ್ಲಿ ಎರಡೂ ಒಂದೇ ತೋಟ, ಉದ್ದ ಅಗಲ ಅದಲುಬದಲು ಅಷ್ಟೇ.

100 ಬೇಕಾದರೆ ಶೋಧಕ 400 − 400 = 0. ಎರಡೂ ಮೂಲ ಒಂದೇ, 10. ತೋಟ ಚೌಕ ಆಗುತ್ತದೆ.

110 ಬೇಕಾದರೆ ಶೋಧಕ 400 − 440 = −40. ವಾಸ್ತವ ಮೂಲ ಇಲ್ಲ. ಅಷ್ಟು ಬೇಲಿಯಲ್ಲಿ 110 ಚದರ ಮೀಟರಿನ ಆಯತ ಸುತ್ತುವುದಕ್ಕೆ ಆಗುವುದೇ ಇಲ್ಲ ಅಂತ ಲೆಕ್ಕ ಹೇಳುತ್ತಿದೆ. ಮೈನಸ್ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ನಮ್ಮ ನಾಡಿನ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರ ಸಂಗ್ರಹದಲ್ಲಿ ಬರೆದಿಟ್ಟಿದ್ದಾರೆ. ಪಿಯುಸಿಗೆ ಹೋದ ಮೇಲೆ ಸಂಕೀರ್ಣ ಸಂಖ್ಯೆಗಳಲ್ಲಿ ಇದಕ್ಕೂ ಉತ್ತರ ಬರೆಯುವುದು ಕಲಿಯುತ್ತೀರಿ. ಹತ್ತನೇ ತರಗತಿಯಲ್ಲಿ "ವಾಸ್ತವ ಮೂಲಗಳಿಲ್ಲ" ಅಂತ ಬರೆದರೆ ಅದೇ ಪೂರ್ತಿ ಉತ್ತರ. ಆ ಮೈನಸ್ ನೋಡಿ ಗಾಬರಿಯಾಗಿ ಅದನ್ನು ಪ್ಲಸ್ ಮಾಡಿ ಮುಂದುವರಿಯಬೇಡಿ.

ಹಂತ 7: ಮೂಲಗಳನ್ನು ವಾಪಸ್ ಹಾಕಿ ನೋಡಿ

ಸೈಟಿನ ಲೆಕ್ಕಕ್ಕೆ ಹಿಂದಿರುಗೋಣ. 3 ಮತ್ತು 32 ಬಂದಿತ್ತು. 3 ಹಾಕಿದರೆ 24 × 34 = 816, ಸರಿ. 32 ಹಾಕಿ ನೋಡಿ: 30 − 64 = −34, 40 − 64 = −24. ಗುಣಿಸಿದರೆ ಮತ್ತೆ 816! ಸಮೀಕರಣದ ಮಟ್ಟಿಗೆ 32 ನೂರಕ್ಕೆ ನೂರು ಸರಿ. ಅದಕ್ಕೆ ಇದು ಸೈಟು ಅಂತ ಗೊತ್ತಿಲ್ಲ. 30 ಅಡಿ ಅಗಲದ ಜಾಗದಲ್ಲಿ ಪ್ರತಿ ಕಡೆ 32 ಅಡಿ ಬಿಡುವುದಕ್ಕೆ ಆಗುವುದಿಲ್ಲ ಅಂತ ಹೇಳಬೇಕಾದವರು ನಾವು. ಅದನ್ನು ಉತ್ತರ ಪತ್ರಿಕೆಯಲ್ಲಿ ಒಂದು ಸಾಲು ಬರೆಯಿರಿ: "32 ಅಡಿ ಸೈಟಿನ ಅಗಲಕ್ಕಿಂತ ಹೆಚ್ಚು, ಆದ್ದರಿಂದ ಒಪ್ಪುವುದಿಲ್ಲ. ಯ = 3 ಅಡಿ."

ಸುಮ್ನೆ ಮೈನಸ್ ಬಂದದ್ದನ್ನೆಲ್ಲ ಹೊಡೆದುಹಾಕುವುದೂ ತಪ್ಪು. ಮಾತಿನ ಲೆಕ್ಕ ಅಲ್ಲದಿದ್ದರೆ ಎರಡು ಮೂಲವನ್ನೂ ಬರೆಯಬೇಕು.

ವಾಪಸ್ ಹಾಕಿ ನೋಡಲೇಬೇಕಾದ ಇನ್ನೊಂದು ಸಂದರ್ಭ ಇದೆ. √(ಯ + 6) = ಯ ಅಂತ ಇದ್ದರೆ ಎರಡೂ ಕಡೆ ವರ್ಗ ಮಾಡುತ್ತೇವೆ: ಯ² − ಯ − 6 = 0, ಮೂಲಗಳು 3 ಮತ್ತು −2. ಆದರೆ −2 ಹಾಕಿದರೆ ಎಡಗಡೆ √4, ಅಂದರೆ 2. ಬಲಗಡೆ −2. ಸರಿಹೋಗಲಿಲ್ಲ. ವರ್ಗ ಮಾಡಿದಾಗ 2 ಮತ್ತು −2ರ ವ್ಯತ್ಯಾಸ ಅಳಿಸಿಹೋಗುತ್ತದೆ, ಅದರ ಜೊತೆ ಈ ಸುಳ್ಳು ಮೂಲ ಒಳಗೆ ಬಂದಿದೆ. ಉತ್ತರ 3 ಒಂದೇ.

ಹಂತ 8: ಎಲ್ಲವೂ ಅಕ್ಷರವೇ ಆಗಿದ್ದರೆ

ಪಿಯುಸಿ ಮಕ್ಕಳು ಭೌತಶಾಸ್ತ್ರದಲ್ಲಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ದ ದೂರ, ವ ಆರಂಭದ ವೇಗ, ಗ ವೇಗೋತ್ಕರ್ಷ (ಅಂದರೆ ಸೆಕೆಂಡಿಗೆ ವೇಗ ಎಷ್ಟು ಹೆಚ್ಚುತ್ತದೆ ಅನ್ನುವುದು), ಸ ಸಮಯ ಅಂತಿರಲಿ:

ದ = ವ·ಸ + ½·ಗ·ಸ²

ಸ ಕಂಡುಹಿಡಿಯಬೇಕು. ಸ ಎರಡು ಪದಗಳಲ್ಲಿ ಇದೆ, ಒಂದರಲ್ಲಿ ವರ್ಗ ಇದೆ. ಹಾಗಾಗಿ ಇದು ಸ ನಲ್ಲಿ ವರ್ಗ ಸಮೀಕರಣ. ಉಳಿದ ಅಕ್ಷರಗಳನ್ನೆಲ್ಲ ಸಂಖ್ಯೆ ಅಂದುಕೊಳ್ಳಿ. ನಾನು ಮಕ್ಕಳಿಗೆ ಅಜ್ಞಾತದ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿಸುತ್ತೇನೆ, ಕಣ್ಣು ಅಲ್ಲೇ ನಿಲ್ಲಲಿ ಅಂತ.

ಎರಡರಿಂದ ಗುಣಿಸಿ, ಒಂದೇ ಕಡೆಗೆ ತನ್ನಿ: ಗ·ಸ² + 2·ವ·ಸ − 2·ದ = 0. ಇಲ್ಲಿ ಅ = ಗ, ಬ = 2·ವ, ಕ = −2·ದ. ಸೂತ್ರಕ್ಕೆ ಹಾಕಿ, 2 ಹೊಡೆದರೆ:

ಸ = (−ವ ± √(ವ² + 2·ಗ·ದ)) / ಗ

ಒಂದು ಮೆಟ್ರೊ ರೈಲು ಸೆಕೆಂಡಿಗೆ 5 ಮೀಟರ್ ವೇಗದಲ್ಲಿದೆ, ವೇಗೋತ್ಕರ್ಷ 1, ಇನ್ನು 100 ಮೀಟರ್ ಹೋಗಬೇಕು ಅಂದುಕೊಳ್ಳಿ. √(25 + 200) = 15. ಸ = 10 ಸೆಕೆಂಡು ಅಥವಾ −20. ಸಮಯ ಈಗಿನಿಂದ ಎಣಿಸುತ್ತಿದ್ದೇವೆ, ಹಾಗಾಗಿ 10. ಆ 15 ಏನು ಗೊತ್ತಾ? ರೈಲಿನ ಕೊನೆಯ ವೇಗ. ಚಲನೆಯ ಮೂರನೇ ಸಮೀಕರಣ (ಕೊನೆಯ ವೇಗದ ವರ್ಗ = ವ² + 2·ಗ·ದ) ಈ ವರ್ಗಮೂಲದೊಳಗೇ ಕೂತಿದೆ.

ನೀವೇ ಮಾಡಿ ನೋಡಿ

1. (ಯ + 2)² = 5ಯ + 10. (ಬಲಗಡೆಯೂ ಯ + 2 ಅಡಗಿದೆ, ಅದರಿಂದ ಭಾಗಿಸಬೇಡಿ.)
2. 2ಯ² + ಯ = 4.
3. 40 × 60 ಅಡಿ ಸೈಟಿನಲ್ಲಿ ಸುತ್ತಲೂ ಒಂದೇ ಅಳತೆ ಬಿಟ್ಟರೆ ಒಳಗೆ 1836 ಚದರಡಿ. ಬಿಟ್ಟದ್ದು ಎಷ್ಟು?
4. 1 ರಿಂದ ನ ತನಕದ ಸಂಖ್ಯೆಗಳ ಮೊತ್ತ ಮ = ನ(ನ + 1)/2. ಇದನ್ನು ನ ಗೆ ಬಿಡಿಸಿ. ಮೊತ್ತ 210 ಆದರೆ ನ ಎಷ್ಟು?

ಉತ್ತರಗಳು: ಮೊದಲನೆಯದು 3 ಮತ್ತು −2. ಎರಡನೆಯದು (−1 ± √33)/4. ಮೂರನೆಯದಕ್ಕೆ ಯ² − 50ಯ + 141 = 0 ಬರಬೇಕು, ಉತ್ತರ 3 ಅಡಿ. ನಾಲ್ಕನೆಯದು ನ = (−1 + √(1 + 8·ಮ))/2, ಮೊತ್ತ 210 ಆದರೆ ನ = 20. ಇಲ್ಲಿ ± ಯಾಕೆ ಬರೀ ಪ್ಲಸ್ ಆಯಿತು ಅನ್ನುವುದಕ್ಕೂ ಒಂದು ಸಾಲು ಕಾರಣ ಬರೆಯಿರಿ.